ಬಲಗೈ ಮೂಲೆಯ ಕಪ್ಪು ಮನೆ

ಜೂನ್ ೪

ಕೆಂಪು ಪೆನ್ಸಿಲ್ ಅವರಿಗೆ,

ಇಲ್ಲಿಗೆ ಬಂದು ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲೇ ಬೈದುಬಿಡಿ, ಆಮೇಲೆ ಮುಂದೆ ಓದಿ.

ಈ ಮುದ್ರಣಾಲಯ ನಮ್ಮದಕ್ಕಿಂತ ದೊಡ್ಡದು. ಅಲ್ಲಿದ್ದಂಥ ಯಂತ್ರಗಳು ಇಲ್ಲಿ ಆರಿವೆ, ಆರೂ ಕೆಮ್ಮುತ್ತವೆ. ನನಗೆ ಕೊಟ್ಟ ಕೋಣೆ ಮೂರನೇ ಮಹಡಿಯಲ್ಲಿದೆ. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ. ಎರಡನೇ ಕುರ್ಚಿಯ ಮೇಲೆ ಒಗೆದ ಬಟ್ಟೆ ಗುಡ್ಡೆ ಹಾಕಿದ್ದೇನೆ. ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ಪೈಪು ಕಾಣುತ್ತದೆ. ಅದರ ಒಂದು ಜೋಡಣೆ ಸೋರುತ್ತಿದೆ. ದಿನಾ ನೋಡಿ ಕೈ ತುರಿಸುತ್ತದೆ.

ಬರೆಯಲು ಕೂತ ಕಾರಣ ಬೇರೆ. ನಿನ್ನೆ ಊಟದ ಬಿಡುವಿನಲ್ಲಿ ಚೆಸ್ ಆಡಿ ಸೋತೆ. ಸೋಲು ನನಗೇನೂ ಹೊಸದಲ್ಲ, ಆರು ವರ್ಷ ನಿಮ್ಮ ಕೈಯಲ್ಲಿ ಸೋತವನು ನಾನು. ಆದರೆ ಹದಿಮೂರೇ ನಡೆಗೆ! ಎದುರಿಗೆ ಕೂತವರು ಇಲ್ಲಿನ ಗೋದಾಮಿನ ಮೇಲ್ವಿಚಾರಕರು. ಸೊಂಟದಲ್ಲಿ ಸದಾ ಗೊಂಚಲು ಜೋತಾಡುವುದರಿಂದ ಎಲ್ಲರೂ ಅವರನ್ನು ಬೀಗದಕೈ ಎಂದೇ ಕರೆಯುತ್ತಾರೆ.

ನಡೆದದ್ದು ಇಷ್ಟು. ನಾನು ಬಿಳಿ. ನಮ್ಮ ಮೇಜಿನ ಮೇಲೆ ಮಾಡುತ್ತಿದ್ದ ಹಾಗೆಯೇ ಎಡಗಡೆಯ ನಡು ಕಾಲಾಳು, ಎಡಗಡೆಯ ಕುದುರೆ, ಎಡಗಡೆಯ ಒಂಟೆ, ಒಂದೊಂದಾಗಿ ಹೊರಗೆ ತಂದೆ. ನಾಲ್ಕನೇ ನಡೆಗೆ ಕೋಟೆ ಕಟ್ಟೋಣ ಎಂದು ರಾಜನನ್ನು ಎತ್ತಿ ಎಡಕ್ಕೆ ಎರಡು ಮನೆ ಸರಿಸಲು ಹೋದರೆ, ದಾರಿಯಲ್ಲಿ ರಾಣಿ ಕೂತಿದ್ದಾಳೆ. "ಏನ್ರೀ, ರಾಣಿ ತಲೆ ಮೇಲೆ ಹಾರಿಸ್ತೀರಾ ರಾಜನ್ನ?" ಎಂದು ಬೀಗದಕೈ ನಕ್ಕರು. ಆಮೇಲೆ ಹಲಗೆಯ ಮೂಲೆಗೆ ಬೆರಳಿಟ್ಟು, "ಬಲಗೈ ಮೂಲೇಲಿ ಯಾವಾಗ್ಲೂ ಬಿಳಿ ಮನೆ ಬರ್ಬೇಕು. ಯಾರ್ರೀ ನಿಮಗೆ ಕಲಿಸಿದ್ದು?" ಎಂದರು.

ನಮ್ಮ ಮೇಜಿನಲ್ಲಿ ಬಲಗೈ ಮೂಲೆಯಲ್ಲಿ ಕಪ್ಪು ಇತ್ತು. ಮೇಜಿನ ಮೇಲೆ ಚೌಕ ಬರೆದವನು ನಾನೇ. ರಾಣಿ ತನ್ನ ಬಣ್ಣದ ಮನೆಯಲ್ಲಿ ನಿಲ್ಲಬೇಕು ಎಂಬುದೊಂದು ಗೊತ್ತಿತ್ತು, ಮೂಲೆಯ ಸಂಗತಿ ಗೊತ್ತಿರಲಿಲ್ಲ. ಹಾಗಾಗಿ ರಾಜನ ಮನೆಗೆ ರಾಣಿ, ರಾಣಿಯ ಮನೆಗೆ ರಾಜ. ಆರು ವರ್ಷ ನಾವಿಬ್ಬರೂ ಕನ್ನಡಿಯೊಳಗಿನ ಆಟ ಆಡಿದ್ದೇವೆ. ನಾನು ಕೆಟ್ಟದ್ದಲ್ಲದೆ ನಿಮ್ಮನ್ನೂ ಕೆಡಿಸಿದೆ.

ಹದಿಮೂರೂ ನಡೆಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಎಲ್ಲಿ ಎಡವಿದೆ ಎಂದು ತಿದ್ದಿ ಕಳಿಸಿ.

ಮರೆತಿದ್ದೆ. ಇಲ್ಲಿ ಕರಡು ತಿದ್ದುವವರ ಕುರ್ಚಿ ಮಾರ್ಚ್‌ನಿಂದ ಖಾಲಿ ಇದೆ. ಆಗಸ್ಟ್ ಮುಗಿಯುವುದರೊಳಗೆ ಯಾರನ್ನಾದರೂ ತರುತ್ತಾರಂತೆ. ಅಲ್ಲಿಯವರೆಗೆ ತಪ್ಪುಗಳದೇ ದರ್ಬಾರು. ಮೊನ್ನೆ ಒಂದು ಮದುವೆ ಪತ್ರಿಕೆಯಲ್ಲಿ ವರನ ಜಾಗದಲ್ಲಿ ವರನ ತಂದೆಯ ಹೆಸರು ಅಚ್ಚಾಗಿತ್ತು.

ಸ್ಪ್ಯಾನರ್


ಜೂನ್ ೧೩

ಸ್ಪ್ಯಾನರ್ ಸಾಹೇಬರಿಗೆ,

ಬೈಯುವುದನ್ನು ಬೈದು ಮುಗಿಸಿದ್ದೇನೆ, ಅದನ್ನು ಇಲ್ಲಿ ಬರೆದು ಹಾಳೆ ಕೆಡಿಸುವುದಿಲ್ಲ.

ನಿಮ್ಮ ಹದಿಮೂರು ನಡೆಗಳನ್ನು ನಮ್ಮ ಮೇಜಿನ ಮೇಲೆ ಆಡಿ ನೋಡಿದೆ, ಒಬ್ಬಳೇ ಎರಡೂ ಕಡೆ ಓಡಾಡಿಕೊಂಡು. ಕಾಗದದ ಕಟ್ಟು ಹೊತ್ತು ಬಂದವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಮೊದಲ ಮೂರು ನಡೆಗಳಲ್ಲಿ ತಪ್ಪಿಲ್ಲ. ಎಲ್ಲರೂ ಅಂದುಕೊಳ್ಳುವ ಹಾಗೆ ನೀವು ಹದಿಮೂರನೇ ನಡೆಗೆ ಸೋಲಲಿಲ್ಲ, ನಾಲ್ಕನೆಯದಕ್ಕೇ ಸೋತಿರಿ. ರಾಜ ಎಡಕ್ಕೆ ಹೋಗಲಾರ ಎಂದು ಗೊತ್ತಾದಾಗ ಏನು ಮಾಡಿದಿರಿ? ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ಇಟ್ಟಿರಿ. ಅದರಿಂದ ಯಾರಿಗೇನು ಉಪಯೋಗ? ಗಾಬರಿಯಾದಾಗಲೆಲ್ಲ ನೀವು ಹಾಗೆಯೇ, ಹೇಳಬೇಕಾದ್ದು ಬಿಟ್ಟು ಕನ್ನಡಕ ಒರೆಸುತ್ತೀರಿ. ಐದನೇ ನಡೆಗೆ ರಾಣಿಯನ್ನು ಎಬ್ಬಿಸಿದಿರಿ. ಆಮೇಲೆ ಅವಳನ್ನು ಅಟ್ಟುತ್ತಾ ಅಟ್ಟುತ್ತಾ ಅವರ ಎರಡು ಕುದುರೆ, ಒಂದು ಒಂಟೆ ಆರಾಮಾಗಿ ಹೊರಗೆ ಬಂದವು. ನಿಮ್ಮ ಬಲಗಡೆಯ ಕುದುರೆ, ಒಂಟೆ, ಆನೆ ಮೂರೂ ಕೊನೆಯವರೆಗೆ ಮನೆಯಲ್ಲೇ ಮಲಗಿದ್ದವು. ರಾಜ ನಟ್ಟನಡು ಬೀದಿಯಲ್ಲಿ ಸಿಕ್ಕಿಬಿದ್ದ.

ಆರಂಭದ ನಡೆಗಳಲ್ಲಿ ಗೆಲ್ಲಲು ಹೊರಡಬಾರದು. ನಡುವಿನ ಮನೆಗಳಲ್ಲಿ ಒಂದು ಕಾಲೂರಿ ಇರುವವರನ್ನೆಲ್ಲ ಹೊರಗೆ ತರಬೇಕು, ಒಬ್ಬರನ್ನೇ ಎರಡೆರಡು ಸಲ ಓಡಿಸಬಾರದು, ರಾಜನನ್ನು ಬೇಗ ಸುರಕ್ಷಿತವಾಗಿ ಕೂರಿಸಬೇಕು. ಅಷ್ಟೇ. ಬಲಗಡೆ ತಿರುಗಿ ನೋಡಿದ್ದರೆ ಮೂರು ನಾಲ್ಕು ನಡೆಯಲ್ಲಿ ಅಲ್ಲೇ ಕೋಟೆ ಸಿದ್ಧವಾಗುತ್ತಿತ್ತು.

ಹಲಗೆ ತಪ್ಪಾಗಿತ್ತು ಎಂದು ಬರೆದಿದ್ದೀರಿ. ಇರಬಹುದು.

ನಿಮ್ಮ ಸಹಿಯ ಮೇಲೆ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಬೆಳಕಿಗೆ ಹಿಡಿದರೂ ಓದಲಾಗಲಿಲ್ಲ. ಹೊಡೆದದ್ದನ್ನು ಉಳಿಸಿಕೊಳ್ಳಬೇಕು ಅನ್ನಿಸಿದರೆ ಏನು ಮಾಡಬೇಕೆಂದು ನಿಮಗೆ ಒಮ್ಮೆ ತೋರಿಸಿದ್ದೆ. ಅಡಿಯಲ್ಲಿ ಸಾಲಾಗಿ ಚುಕ್ಕೆ ಇಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆದರೆ ಸಾಕು, ಅಚ್ಚು ಜೋಡಿಸುವವರು ಅದನ್ನು ಮುಟ್ಟುವುದಿಲ್ಲ.

ನಾನು ಬರೆಯುವುದನ್ನು ಅಕ್ಕ ಹೊಲಿಗೆ ಯಂತ್ರದ ಹಿಂದಿನಿಂದ ಇಣುಕಿ ನೋಡಿದಳು. "ಕುದುರೆ, ಆನೆ, ಒಂಟೆ ಅಂತ ಬರೀತಾ ಇದ್ದೀಯಲ್ಲೇ, ಸರ್ಕಸ್ ಕಂಪನಿಗೆ ಸೇರ್ತೀಯಾ?" ಎಂದಳು.

ಆ ಖಾಲಿ ಕುರ್ಚಿ ಕಿಟಕಿಯ ಹತ್ತಿರ ಇದೆಯೇ, ಗೋಡೆಯ ಕಡೆಗೋ? ಬೆಳಕು ಎಡಗಡೆಯಿಂದ ಬಂದರೆ ಕಣ್ಣಿಗೆ ಹಿತ. ಸುಮ್ಮನೆ ಕೇಳಿದೆ.

ಕೆಂಪು ಪೆನ್ಸಿಲ್


ಜುಲೈ ೧

ಕೆಂಪು ಪೆನ್ಸಿಲ್ ಅವರಿಗೆ,

ಇಪ್ಪತ್ತೆರಡು ನಡೆ! ಸೋತೆ, ಆದರೆ ಇಪ್ಪತ್ತೆರಡು ನಡೆಯವರೆಗೆ ಬೀಗದಕೈ ಅವರ ಟೀ ಆರುವಂತೆ ಮಾಡಿದೆ. ನಿಮ್ಮ ಪತ್ರವನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಆಡಿದೆ. ಬಲಗಡೆಯ ಕುದುರೆ, ಬಲಗಡೆಯ ಒಂಟೆ, ಬಲಕ್ಕೆ ಕೋಟೆ. ಕೈ ಮಾತ್ರ ಮೂರು ಸಲ ಎಡಕ್ಕೆ ಹೋಗಿ ವಾಪಸ್ ಬಂತು. "ಯಾರೋ ಚೆನ್ನಾಗಿ ತಿದ್ದಿದ್ದಾರೆ ನಿಮ್ಮನ್ನ" ಎಂದರು ಅವರು.

ಖಾಲಿ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇದೆ, ಬೆಳಕು ಎಡಗಡೆಯಿಂದಲೇ. ಒಂದು ಕಾಲು ಅಲುಗಾಡುತ್ತಿತ್ತು, ಬಿಡುವಿದ್ದಾಗ ಬಿಗಿ ಮಾಡಿದೆ. ಬರುವವರು ಯಾರಾದರೂ ಬಿದ್ದು ಸೊಂಟ ಮುರಿದುಕೊಂಡರೆ ಬಯ್ಗುಳ ನನ್ನ ತಲೆಗೆ.

ಆ ವಿಷಯಕ್ಕೇ ಮೊನ್ನೆ ಮ್ಯಾನೇಜರ್ ಮೇಡಂ ನನ್ನನ್ನು ಕರೆಸಿದ್ದರು. "ನಿಮ್ಮ ಹಳೇ ಪ್ರೆಸ್ಸಲ್ಲಿ ಈ ಕೆಲಸಕ್ಕೆ ಆಗೋರು ಯಾರಾದ್ರೂ ಗೊತ್ತಾ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಸಮಸ್ಯೆ ಅವರದು, ಅವರೇ ಹುಡುಕಿಕೊಳ್ಳಲಿ.

ಮುಂದಿನ ಪಾಠ ಕಳಿಸಿ. ಎಂಟನೇ ನಡೆಯಿಂದಾಚೆ ನನಗೆ ದಾರಿ ಕಾಣುವುದಿಲ್ಲ.

ಸ್ಪ್ಯಾನರ್


ಜುಲೈ ೨೦

ಕೆಂಪು ಪೆನ್ಸಿಲ್ ಅವರಿಗೆ,

ನನ್ನ ಪತ್ರ ತಲುಪಿತೋ ಇಲ್ಲವೋ. ಇಲ್ಲಿ ಅಂಚೆಯವರು ಕೆಳಗಿನ ಮಹಡಿಯ ಮೆಟ್ಟಿಲ ಮೇಲೆ ಎಲ್ಲರ ಪತ್ರಗಳನ್ನೂ ಒಟ್ಟಿಗೆ ಇಟ್ಟು ಹೋಗುತ್ತಾರೆ. ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡುತ್ತೇನೆ. ನನ್ನ ಹೆಸರಿಗೆ ವಿದ್ಯುತ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ.

ಎರಡು ಆಟ ಆಡಿದೆ, ಎರಡೂ ಸೋತೆ. ಅದು ದೊಡ್ಡ ವಿಷಯವಲ್ಲ.

ನಿಮ್ಮ ಅಕ್ಕನ ಆರೋಗ್ಯ ಸರಿ ಇದೆಯಷ್ಟೇ?

ಸ್ಪ್ಯಾನರ್


ಆಗಸ್ಟ್ ೪

ಪಾಠ ಬೇಡ. ಚೆಸ್ ಬಗ್ಗೆ ಒಂದಕ್ಷರವೂ ಬರೆಯಬೇಡಿ. ಚೆನ್ನಾಗಿದ್ದೇನೆ ಎಂದು ಒಂದು ಕಾರ್ಡ್ ಹಾಕಿ, ಸಾಕು.

ಸ್ಪ್ಯಾನರ್


ಆಗಸ್ಟ್ ೧೦

ಮಾನ್ಯರೇ,

ನಿಮ್ಮ ಮೂರೂ ಪತ್ರಗಳು ತಲುಪಿವೆ. ಅಕ್ಕ ಚೆನ್ನಾಗಿದ್ದಾಳೆ. ಕೆಲಸ ಹೆಚ್ಚಿದ್ದುದರಿಂದ ಉತ್ತರ ತಡವಾಯಿತು.

ನೀವು ಕೇಳಿದ್ದು ಎಂಟನೇ ನಡೆಯಿಂದಾಚೆ. ಅಷ್ಟು ಹೊತ್ತಿಗೆ ಎಲ್ಲರೂ ಹೊರಗೆ ಬಂದಿರಬೇಕು, ಎರಡು ಆನೆಗಳೂ ಒಂದನ್ನೊಂದು ನೋಡುವಂತಿರಬೇಕು. ಅವುಗಳ ನಡುವೆ ಯಾರೂ ಇಲ್ಲ ಎಂದರೆ ಆರಂಭ ಮುಗಿಯಿತು ಎಂದರ್ಥ. ಅಲ್ಲಿಂದ ಮುಂದಿನದನ್ನು ಯಾರೂ ಹೇಳಿಕೊಡಲಾರರು. ನಿಮಗೆ ಸರಿಯಾದ ಹಲಗೆಯೂ ಸರಿಯಾದ ಎದುರಾಳಿಯೂ ಸಿಕ್ಕಿದ್ದಾರೆ. ಇನ್ನು ನನ್ನ ತಿದ್ದುಪಡಿ ಬೇಕಾಗುವುದಿಲ್ಲ.

ನಿಮ್ಮ ವಿಭಾಗದ, ಚೌಕ ಬರೆದ ಉದ್ದ ಮೇಜನ್ನು ಈ ವಾರ ಒಡೆಯುತ್ತಾರೆ. ಪೆಟ್ಟಿಗೆ ಮಾಡಿಸಲು ಹಲಗೆ ಬೇಕಂತೆ. ತಿಳಿಸಬೇಕೆನ್ನಿಸಿತು, ತಿಳಿಸಿದ್ದೇನೆ.

ಕರಡು ವಿಭಾಗ


ಆಗಸ್ಟ್ ೧೬

ಕೆಂಪು ಪೆನ್ಸಿಲ್,

ಇವತ್ತು ಬೆಳಿಗ್ಗೆ ಮೇಡಂ ಕೋಣೆಯ ಫ್ಯಾನು ಬಿಚ್ಚಲು ಹೋಗಿದ್ದೆ. ಏಣಿಯ ಮೇಲಿದ್ದೆ. ಕೆಳಗಿನಿಂದ ಅವರು, "ಅಲ್ರೀ, ನಿಮ್ಮ ಹಳೇ ಪ್ರೆಸ್ಸಿಂದ ಒಬ್ರು ಎಷ್ಟು ಚೆನ್ನಾಗಿ ಅರ್ಜಿ ಬರೆದಿದ್ರು. ಕೈಯಲ್ಲಿ ಅದನ್ನ ಇಟ್ಕೊಂಡೇ ನಿಮ್ಮನ್ನ ಕೇಳಿದ್ದು ನಾನು. ನೀವು ನೋಡಿದ್ರೆ ಯಾರೂ ಇಲ್ಲ ಅಂದ್ರಿ. ವಾರ ಕಳೆಯೋದ್ರೊಳಗೆ ಅವರೇ ಬೇಡ ಅಂತ ಬರೆದುಬಿಟ್ರು" ಎಂದರು. ಕೈಯಲ್ಲಿದ್ದ ಸ್ಕ್ರೂ ಅವರ ಟೀ ಲೋಟದೊಳಗೆ ಬಿತ್ತು.

ಫೈಲ್ ತೋರಿಸಿ ಎಂದು ಗೋಗರೆದೆ. ಅರ್ಜಿ ಜೂನ್ ಹದಿಮೂರರದು, ನನಗೆ ಬೆಳಕು ಎಡಗಡೆಯಿಂದ ಬರುತ್ತದೆಯೇ ಎಂದು ಕೇಳಿದ ದಿನದ್ದು. ವಾಪಸ್ ಪಡೆದ ಪತ್ರ ಜುಲೈ ಆರರದು, ನನ್ನ ಪತ್ರ ನಿಮ್ಮ ಕೈ ಸೇರಿರಬಹುದಾದ ದಿನದ್ದು. ನೀವು ಸುಮ್ಮನೆ ಕೇಳಿದ್ದಲ್ಲ. ನಾನು ಎಂಥ ಮಡ್ಡಿ ಎಂದರೆ, ಕುರ್ಚಿಯ ಕಾಲು ಬಿಗಿ ಮಾಡಿದ ಪ್ರತಾಪ ಬರೆದು ಕಳಿಸಿದೆ.

ಯಾರೂ ಇಲ್ಲ ಎಂದು ಯಾಕೆ ಹೇಳಿದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಪ್ರಶ್ನೆ ಕೇಳಿದಾಗ ನಿಮ್ಮ ಹೆಸರು ನಾಲಿಗೆಯ ತುದಿಗೇ ಬಂತು. ಹೆಸರು ಹೇಳಿದರೆ ನನ್ನ ದನಿ ಎಲ್ಲವನ್ನೂ ಹೇಳಿಬಿಡುತ್ತದೆ ಎಂದು ಹೆದರಿದೆ. ಅಕ್ಕನನ್ನು ಬಿಟ್ಟು ನೀವು ಬರುವುದಿಲ್ಲ ಎಂದು ನಿಮ್ಮ ಪರವಾಗಿ ನಾನೇ ತೀರ್ಮಾನ ಮಾಡಿದೆ. ಹೊರಡುವ ದಿನ ಊಟದ ಬಿಡುವಿನಲ್ಲಿ ಕಾಯಿಗಳನ್ನೆಲ್ಲ ಜೋಡಿಸಿಟ್ಟುಕೊಂಡು ಕಾದಿದ್ದೆ, ನೀವು ಮೇಜಿಗೆ ಬರಲೇ ಇಲ್ಲ. ಬೇಡವೆನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಉತ್ತರ ಇನ್ನೇನು ಎಂದುಕೊಂಡೆ. ಮೂಲೆಯ ಕಾಲಾಳು ಎಂದಿರಲ್ಲ, ಅದೇ ನಾನು. ಇರುವವರನ್ನೆಲ್ಲ ಹೊರಗೆ ತನ್ನಿ ಎಂದು ಹೇಳಿಕೊಟ್ಟಿರಿ. ನಾನು ಆರು ವರ್ಷ ಎಲ್ಲವನ್ನೂ ಮನೆಯೊಳಗೇ ಇಟ್ಟುಕೊಂಡು ಕೂತೆ.

ಮೊದಲ ಪತ್ರದಲ್ಲಿ ಹೊಡೆದುಹಾಕಿದ ಸಾಲು ಇದು. 'ಊಟದ ಗಂಟೆ ಹೊಡೆದಾಗ ಈಗಲೂ ತಲೆ ಎತ್ತಿ ಎದುರಿಗೆ ನೋಡುತ್ತೇನೆ, ನೀವು ಇರುವುದಿಲ್ಲ.' ಅದರಡಿಯಲ್ಲಿ ಚುಕ್ಕೆ ಇಟ್ಟಿದ್ದೇನೆ. ಅಂಚಿನಲ್ಲಿ ನೀವು ಕಲಿಸಿದ ಪದವನ್ನೂ ಬರೆದಿದ್ದೇನೆ. ನೀವಿಲ್ಲದೆ ನನಗೆ ಇಲ್ಲಿ ಏನೂ ರುಚಿಸುತ್ತಿಲ್ಲ. ಇಷ್ಟು ಹೇಳಲು ನಲವತ್ತನಾಲ್ಕು ವರ್ಷ ವಯಸ್ಸಾಗಬೇಕಾಯಿತು.

ಕುರ್ಚಿ ಇನ್ನೂ ಖಾಲಿ ಇದೆ. ಮೂವತ್ತೊಂದರವರೆಗೆ ಕಾಯುತ್ತಾರಂತೆ.

ಮೇಜು ಒಡೆದರೇ?

ಸ್ಪ್ಯಾನರ್


ಆಗಸ್ಟ್ ೨೧

ಸ್ಪ್ಯಾನರ್,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ನಾಲ್ಕು ತಪ್ಪುಗಳಿವೆ, ಒಂದನ್ನೂ ತಿದ್ದಿಲ್ಲ.

ನೀವು ಹೊರಟ ದಿನ ನಾನು ಪಕ್ಕದ ಕೋಣೆಯಲ್ಲಿ ಒಂದೇ ಪುಟವನ್ನು ನಾಲ್ಕು ಸಲ ಓದುತ್ತಾ ಕೂತಿದ್ದೆ. ಯಾವುದೋ ಕೃಷಿ ಸಲಕರಣೆಗಳ ಪಟ್ಟಿ. ನೀವೇ ಬಂದು ಕರೆಯುತ್ತೀರಿ ಎಂದು ಕಾದೆ. ನೀವು ಅಲ್ಲಿ, ನಾನು ಇಲ್ಲಿ, ನಡುವೆ ಒಂದು ಗೋಡೆ. ಇಬ್ಬರೂ ಸೇರಿ ಮೂರ್ಖತನದಲ್ಲಿ ಡ್ರಾ ಮಾಡಿಕೊಂಡೆವು. ಜುಲೈನಲ್ಲಿ 'ಯಾರೂ ಇಲ್ಲ' ಎಂಬ ಎರಡು ಪದ ಓದಿದಾಗ, ಅಷ್ಟು ದಿನ ನಾನೊಬ್ಬಳೇ ಎರಡೂ ಕಡೆ ಕೂತು ಆಡುತ್ತಿದ್ದೆ ಅನ್ನಿಸಿತು. ಅತ್ತುಬಿಟ್ಟೆ. ಅಕ್ಕ ನೋಡಿದಳು.

ನಿಮ್ಮ ಪತ್ರ ಬಂದ ಮೇಲೆ ಅವಳಿಗೆ ಎಲ್ಲ ಹೇಳಿದೆ. "ಹೋಗೋಕೆ ಮನಸ್ಸಿದ್ರೆ ಹೋಗು. ಮನಸ್ಸಿಲ್ದೆ ಇದ್ರೆ ಬೇಡ. ಆದ್ರೆ ನನ್ನ ನೆಪ ಹೇಳ್ಬೇಡ. ನಾನೇನು ತೊಟ್ಟಿಲಲ್ಲಿದ್ದೀನಾ?" ಎಂದು ರೇಗಿದಳು. ಆಮೇಲೆ ನನ್ನ ಎರಡು ಹಳೇ ರವಿಕೆಗಳನ್ನು ಬಿಚ್ಚಿ ಹೊಸದಾಗಿ ಹೊಲಿಯಲು ಕೂತಳು.

ಈಗ ನಾನು ಬಚ್ಚಿಟ್ಟ ಒಂದು ಸಂಗತಿ. ಹಲಗೆ ತಪ್ಪಾಗಿದೆ ಎಂದು ನನಗೆ ಗೊತ್ತಿತ್ತು. ನಾನು ಚೆಸ್ ಕಲಿತದ್ದು ನನ್ನ ತಾತನ ಹತ್ತಿರ. ಬಲಗೈ ಮೂಲೆ ನೋಡದೆ ಕಾಯಿ ಜೋಡಿಸಿದರೆ ಬೆರಳಿಗೆ ತಟ್ಟುತ್ತಿದ್ದರು. ಮೊದಲ ತಿಂಗಳು ನಾನು ಸೋಲುತ್ತಲೇ ಇದ್ದೆನಲ್ಲ, ನೀವು ಪಾಪ ಹೊಸಬಳು ಎಂದು ಕುದುರೆ ಹೇಗೆ ನಡೆಯುತ್ತದೆ ಎಂದು ಹೇಳಿಕೊಡುತ್ತಿದ್ದಿರಿ. ಕನ್ನಡಿಯ ಆಟಕ್ಕೆ ಕೈ ಹೊಂದಿಸಿಕೊಳ್ಳಲು ನನಗೆ ಅಷ್ಟು ದಿನ ಹಿಡಿಯಿತು.

ಯಾಕೆ ಹೇಳಲಿಲ್ಲ? ಆ ದಿನ ನೀವು ಊಟ ಬಿಟ್ಟು, ಮಂಡಿಯೂರಿ, ಉಕ್ಕಿನ ಸ್ಕೇಲಿಟ್ಟು ಅರವತ್ತನಾಲ್ಕು ಮನೆ ಗೆರೆ ಎಳೆದಿರಿ, ಮುದ್ರಣದ ಶಾಯಿಯಲ್ಲಿ ಮೂವತ್ತೆರಡನ್ನು ತುಂಬಿದಿರಿ. ಯಂತ್ರ ದುರಸ್ತಿಯಾದಾಗ ಬರೆಯುವ ಹಾಗೆ ನಿಮ್ಮ ಕಡೆಯ ಅಂಚಿನಲ್ಲಿ ತಾರೀಖು ಹಾಕಿದಿರಿ. ಮೂಗಿನ ಮೇಲೆಲ್ಲ ಶಾಯಿ. ಎದ್ದು ನಿಂತು ನನ್ನ ಮುಖ ನೋಡಿದಿರಿ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮುಂದೂಡಿದೆ, ಹಾಗೇ ಉಳಿದುಹೋಯಿತು. ಆಮೇಲೆ ಒಂದು ದಿನ ಬೈಂಡಿಂಗ್ ವಿಭಾಗದವರು ಆಡಲು ಬಂದು, ಈ ಹಲಗೆಯಲ್ಲಿ ತಲೆ ತಿರುಗುತ್ತದೆ ಎಂದು ಎದ್ದು ಹೋದರು. ಇನ್ಯಾರೂ ಅಲ್ಲಿ ಕೂರಲಾರರು ಎಂದು ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ನಿಮಗೆ ಸರಿಯಾದ ಆಟ ಕಲಿಸುತ್ತಾ ಒಂದೊಂದು ಪತ್ರ ಬರೆಯುವಾಗಲೂ, ಆ ಜಾಗದಿಂದ ನಿಮ್ಮನ್ನು ನಾನೇ ಎಬ್ಬಿಸಿ ಕಳಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಮೇಜು ಒಡೆದರು. ಬಡಗಿಯನ್ನು ಬೇಡಿಕೊಂಡು ಚೌಕಗಳಿದ್ದ ತುಂಡನ್ನು ಕುಯ್ಯಿಸಿಕೊಂಡೆ. ಮೇಜಿನ ಅಗಲವೇ ಅಷ್ಟಿತ್ತಲ್ಲ, ನಿಮ್ಮ ಕಡೆಯ ಅಂಚೂ ನನ್ನ ಕಡೆಯ ಅಂಚೂ ಹಾಗೇ ಇವೆ. "ಇದ್ರಲ್ಲಿ ಏನಿದೆ ಅಂತ ಮೇಡಂ? ಅರ್ಧ ಹುಳ ತಿಂದಿದೆ" ಎಂದ ಬಡಗಿ. ಪಾರ್ಸೆಲ್ ಮಾಡಿದ್ದೇನೆ, ಪತ್ರ ಬಂದ ಎರಡು ಮೂರು ದಿನಕ್ಕೆ ಬರುತ್ತದೆ. ಇಷ್ಟು ದಿನ ಮೇಜಿಗೆ ಅಂಟಿಕೊಂಡಿತ್ತು, ತಿರುಗಿಸಲು ಆಗುತ್ತಿರಲಿಲ್ಲ. ಈಗ ಬಿಡಿ ಹಲಗೆ. ಸರಿಯಾಗಿಯೂ ಇಡಬಹುದು, ನಮ್ಮ ಹಾಗೆಯೂ ಇಡಬಹುದು.

ನಾನು ಎರಡನೇ ಸಲ ಅರ್ಜಿ ಹಾಕುವುದಿಲ್ಲ. ಹಟವೆಂದರೆ ಹಟ. ಮೇಡಂ ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ನೀವು ಕೊಟ್ಟ ಉತ್ತರವನ್ನು ನೀವೇ ತಿದ್ದಬೇಕು.

ಕೆಂಪು ಪೆನ್ಸಿಲ್


ಆಗಸ್ಟ್ ೨೯

ನನ್ನ ಕೆಂಪು ಪೆನ್ಸಿಲ್ ಅವರಿಗೆ,

ನಿಮ್ಮ ಪತ್ರ ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಿತು. ಅಲ್ಲೇ ನಿಂತು ಓದಿದೆ. ಕೈ ತೊಳೆಯದೆ, ಗ್ರೀಸ್ ಮೆತ್ತಿದ ಅಂಗಿಯಲ್ಲೇ ಮೇಡಂ ಕೋಣೆಗೆ ಹೋದೆ.

"ಮೇಡಂ, ಅವತ್ತು ಕೇಳಿದ್ರಲ್ಲ, ನಮ್ಮ ಹಳೇ ಪ್ರೆಸ್ಸಲ್ಲಿ ಯಾರಾದ್ರೂ ಇದ್ದಾರಾ ಅಂತ. ಇದ್ದಾರೆ" ಎಂದೆ.

ಅವರು ಕನ್ನಡಕ ಇಳಿಸಿ ನೋಡಿದರು. "ನಿಮಗೇನಾಗ್ಬೇಕು ಅವ್ರು?"

ನನ್ನ ಕೈ ಕನ್ನಡಕಕ್ಕೆ ಹೋಯಿತು. ಒರೆಸಲಿಲ್ಲ. "ನಾನು ತಪ್ಪು ಮಾಡಿದ್ರೆ ತಿದ್ದೋರು ಮೇಡಂ. ಆರು ವರ್ಷದಲ್ಲಿ ಒಂದೇ ಒಂದನ್ನ ತಿದ್ದದೆ ಬಿಟ್ಟಿದ್ದಾರೆ. ಅವ್ರಿಲ್ದೆ ನನಗೆ ಆಗ್ತಾ ಇಲ್ಲ" ಎಂದೆ.

ಅವರಿಗೆ ಎಷ್ಟು ಅರ್ಥವಾಯಿತೋ. ಫೈಲಿನಿಂದ ನಿಮ್ಮ ಜುಲೈ ತಿಂಗಳ ಪತ್ರ ತೆಗೆದು ನನ್ನ ಕೈಗೆ ಕೊಟ್ಟು, "ಇದು ನನಗೆ ಬಂದೇ ಇಲ್ಲ. ಜೂನ್‌ದು ಮಾತ್ರ ಬಂದಿದೆ. ಹತ್ತನೇ ತಾರೀಖಿನೊಳಗೆ ಬಂದು ಸೇರ್ಕೊಳ್ಳೋಕೆ ಹೇಳಿ. ಮುಂದಿನ ಸಲ ಏಣಿ ಹತ್ತೋಕೆ ಮುಂಚೆ ನನ್ನ ಟೀ ಲೋಟ ಪಕ್ಕಕ್ಕೆ ಇಡಿ" ಎಂದರು. ಆದೇಶ ಈ ಲಕೋಟೆಯಲ್ಲೇ ಇದೆ.

ಹಲಗೆ ಇವತ್ತು ಬೆಳಿಗ್ಗೆ ಬಂತು. ಗೋಣಿ ಬಿಚ್ಚಿ, ಬಟ್ಟೆಯಿಂದ ಒರೆಸಿದೆ. ನನ್ನ ಕಡೆಯ ಅಂಚಿನಲ್ಲಿ ನನ್ನ ಶಾಯಿಯ ತಾರೀಖು ಮಾಸಿಲ್ಲ. ಹುಳ ತಿಂದಿದೆಯೇ ಎಂದು ನೋಡಲು ತಿರುಗಿಸಿ ನಿಮ್ಮ ಕಡೆಯ ಅಂಚನ್ನು ಬೆಳಕಿಗೆ ಹಿಡಿದೆ. ನೀವು ಮೊಣಕೈ ಊರುತ್ತಿದ್ದ ಜಾಗದ ಕೆಳಗೆ, ಬಲಗೈ ಮೂಲೆಯ ಕಪ್ಪು ಮನೆಗೆ ಸರಿಯಾಗಿ, ಸಾಲಾಗಿ ಕೆಂಪು ಚುಕ್ಕೆಗಳಿದ್ದವು. ಪಕ್ಕದಲ್ಲಿ ನಿಮ್ಮ ಸಣ್ಣ ಅಕ್ಷರದಲ್ಲಿ 'ಇರಲಿ' ಎಂದಿತ್ತು. ಅದರ ಕೆಳಗೂ ಒಂದು ತಾರೀಖು ಇತ್ತು.

ನಾಳೆ ನಾಡಿದ್ದು ಎಂದು ಮುಂದೂಡಿದೆ ಎಂದು ಬರೆದಿದ್ದೀರಿ. ನಿಮ್ಮ ಅಂಚಿನಲ್ಲೂ ನನ್ನ ಅಂಚಿನಲ್ಲೂ ಇರುವುದು ಒಂದೇ ತಾರೀಖು.

ಎರಡನೇ ಕುರ್ಚಿಯ ಮೇಲಿನ ಬಟ್ಟೆ ಮಡಚಿಟ್ಟಿದ್ದೇನೆ. ಹಲಗೆ ಕಿಟಕಿಯ ಹತ್ತಿರ ಮೇಜಿನ ಮೇಲಿದೆ, ಕಾಯಿಗಳನ್ನು ಜೋಡಿಸಿದ್ದೇನೆ. ಬಲಗೈ ಮೂಲೆಯಲ್ಲಿ ಕಪ್ಪು ಮನೆಯೇ ಇದೆ. ಬೇಗ ಬನ್ನಿ.

ಸ್ಪ್ಯಾನರ್